ಹತ್ತಿರದ ವಿಮಾನ ನಿಲ್ದಾಣ ಯಾವುದಯ್ಯಾ?

ಪ್ರವಾಸಿ ತಾಣದ ಕರಪತ್ರ ಎಂದಮೇಲೆ ‘ತಲುಪುವುದು ಹೇಗೆ’ ಎಂಬ ಭಾಗ ಇರಲೇಬೇಕು. ಅದರಲ್ಲಿ ರಸ್ತೆ, ರೈಲು, ವಿಮಾನ ಎಂದು ಮೂರು ಸಾಲು. ಮೂರನೆಯದನ್ನು ಖಾಲಿ ಬಿಟ್ಟರೆ ಜಿಲ್ಲೆಯ ಮಾನ ಹೋಗುತ್ತದೆ. ಹಾಗಾಗಿ ಅಶೋಕನ ಬಂಡೆಶಾಸನ ಇರುವ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೂ ಒಂದು ‘ಹತ್ತಿರದ’ ವಿಮಾನ ನಿಲ್ದಾಣ ಉಂಟು: ಬೆಂಗಳೂರು. ಹತ್ತಿರ ಎಂದರೆ 250 ಕಿ.ಮೀ. ಮೇಲೆ. ದೆಹಲಿಯಿಂದ ಮೂರು ಗಂಟೆಯೊಳಗೆ ದೇವನಹಳ್ಳಿಗೆ ಬಂದಿಳಿದವರು ಈ ಹತ್ತಿರವನ್ನು ದಾಟಲು ಐದು ಗಂಟೆ ಕಾರಿನಲ್ಲಿ ಕೂರಬೇಕು.

ಹಾಗೆಂದು ಚಿತ್ರದುರ್ಗ ಜಿಲ್ಲೆಗೆ ರನ್‌ವೇ ಇಲ್ಲ ಎಂದು ಯಾರೂ ಹಗುರವಾಗಿ ಮಾತಾಡಕೂಡದು. ಚಳ್ಳಕೆರೆ ಸೀಮೆಯ ಕಾವಲಿನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ನೆಲೆ 2017ರಿಂದಲೂ ಇದೆ. ಇಸ್ರೊದ ರೆಕ್ಕೆಯ ವಾಹನ ‘ಪುಷ್ಪಕ್’ 2024ರಲ್ಲಿ ಎರಡು ಸಲ ಅಲ್ಲೇ ಇಳಿಯಿತು. ಚಿನೂಕ್ ಹೆಲಿಕಾಪ್ಟರು ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತ್ತು. ಜೂನ್ ತಿಂಗಳಲ್ಲಂತೂ ಬೇಕೆಂದೇ ರನ್‌ವೇ ನೇರದಿಂದ 500 ಮೀಟರ್ ಆಚೆ ಬಿಟ್ಟರು. ಆದರೂ ಅದು ತಾನೇ ದಾರಿ ಸರಿಮಾಡಿಕೊಂಡು ಬಂದು ನಡುಗೆರೆ ಹಿಡಿದು ನಿಂತಿತು. ಒಟ್ಟಿನಲ್ಲಿ ನಮ್ಮ ಜಿಲ್ಲೆಗೆ ಆಕಾಶಮಾರ್ಗವಾಗಿ ಬರಲು ಇರುವುದು ಒಂದೇ ಷರತ್ತು: ಒಳಗೆ ಮನುಷ್ಯರು ಇರಬಾರದು.

ಪುಷ್ಪಕಕ್ಕೆ ಈ ಸೀಮೆಯೇನೂ ಹೊಸದಲ್ಲ. ಬ್ರಹ್ಮಗಿರಿಯ ನೆರೆಯ ಜಟಿಂಗ ರಾಮೇಶ್ವರ ಬೆಟ್ಟವೇ ಜಟಾಯು ಬಿದ್ದ ಜಾಗ ಎನ್ನುತ್ತದೆ ಸ್ಥಳಪುರಾಣ. ವಿಮಾನಕ್ಕೆ ಹಕ್ಕಿ ಅಡ್ಡಬಂದ ಪ್ರಕರಣ ತ್ರೇತಾಯುಗದಲ್ಲೇ ಆಗಿಹೋಗಿರುವ ಕಾರಣ ನಾಗರಿಕ ವಿಮಾನಗಳಿಗೆ ಅನುಮತಿ ತಡವಾಗುತ್ತಿದೆಯೋ ಏನೋ. ದಾವಣಗೆರೆಯವರು ಇದಕ್ಕೆ ನಗಬೇಕಾಗಿಲ್ಲ. ಅವರ ವಿಮಾನ ನಿಲ್ದಾಣ ಭಾಷಣಗಳಲ್ಲಿ ಆಗಾಗ ಮೇಲೇರುತ್ತದೆ, ಇಳಿಯಲು ಮಾತ್ರ ಅದಕ್ಕಿನ್ನೂ ಜಾಗ ಸಿಕ್ಕಿಲ್ಲ.

ಇರಲಿ, ಹೊರಟವರಿಗೆ ದಾರಿ ಹೇಳೋಣ. ಬೆಂಗಳೂರಿನಲ್ಲಿ ಇಳಿದವರು ನಗರದೊಳಗೆ ತಲೆಹಾಕಬೇಡಿ. ದೊಡ್ಡಬಳ್ಳಾಪುರದ ಮೇಲೆ ಡಾಬಸ್‌ಪೇಟೆಗೆ ಬಂದರೆ ಹೆದ್ದಾರಿ 48 ಸಿಗುತ್ತದೆ. ತುಮಕೂರು, ಶಿರಾ ದಾಟಿ ಹಿರಿಯೂರಿನಲ್ಲಿ ಅದನ್ನು ಬಿಟ್ಟು ಬಳ್ಳಾರಿ ಕಡೆಯ 150ಎ ಹಿಡಿಯಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ. ರಸ್ತೆ ಚೆನ್ನಾಗಿದೆ ಎಂದು ನೇರ ಹೋದವರು ಚಿತ್ರದುರ್ಗ ಸೇರಿ, ಕೋಟೆ ಹತ್ತಿ, ಒನಕೆ ಓಬವ್ವನ ಕಿಂಡಿಯಲ್ಲಿ ಫೋಟೊ ಹೊಡೆಸಿಕೊಂಡು, ಅಶೋಕ ಎಲ್ಲಿ ಎಂದು ಕೇಳುತ್ತಾರೆ. ಅಶೋಕ ಇನ್ನೂ ಎರಡು ತಾಲ್ಲೂಕು ಆಚೆ ಇದ್ದಾನೆ. ಹಾಗೆ ತಪ್ಪಿದವರಿಗೆ ಊರಂಚಿನ ಚಂದ್ರವಳ್ಳಿಯೇ ಸಮಾಧಾನ. ಅಲ್ಲಿ ಅಗೆದಾಗ ಶಾತವಾಹನರ ನಾಣ್ಯಗಳ ಜೊತೆ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯಗಳೂ ಸಿಕ್ಕವು. ಅಷ್ಟು ದೂರದಿಂದ ದುಡ್ಡು ಬಂದಿದ್ದ ಜಾಗದಲ್ಲಿ ಇವತ್ತು ಐನೂರರ ನೋಟು ಕೊಟ್ಟರೆ ಆಟೊದವನು ಚಿಲ್ಲರೆ ಇಲ್ಲ ಅನ್ನುತ್ತಾನೆ.

ಶಿವಮೊಗ್ಗದ ಸೋಗಾನೆಯಲ್ಲಿ 3.2 ಕಿ.ಮೀ. ಉದ್ದದ ರನ್‌ವೇ ಇದೆ, 2023ರ ಆಗಸ್ಟ್ 31ರಿಂದ ವಿಮಾನಗಳೂ ಬರುತ್ತಿವೆ. ಅಲ್ಲಿಂದ ಚಿತ್ರದುರ್ಗಕ್ಕೆ ಬರುವಷ್ಟರಲ್ಲಿ ಅರ್ಧ ದಿನ, ಅಲ್ಲಿಂದ ಬ್ರಹ್ಮಗಿರಿಗೆ ಇನ್ನರ್ಧ. ಬೇಡ.

ನಿಜಕ್ಕೂ ಹತ್ತಿರದ್ದು ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣ. ಅದು ಪಕ್ಕದ ಜಿಲ್ಲೆಯ ಆಸ್ತಿಯಾದ್ದರಿಂದ ನಮ್ಮ ಕರಪತ್ರಕ್ಕೆ ಸೇರುವುದಿಲ್ಲ. ನಕ್ಷೆಯ ಮೇಲೆ ದಾರ ಹಿಡಿದು ಅಳೆದರೆ ಬ್ರಹ್ಮಗಿರಿಗೆ 50 ಕಿ.ಮೀ. ಕೂಡ ಆಗದು, ಬಳ್ಳಾರಿ ಸುತ್ತಿ ಬಂದರೆ 80ರ ಆಸುಪಾಸು. ಇಲ್ಲಿಗೆ ಬರುವುದು ಸಣ್ಣ ವಿಮಾನ, ವೇಳಾಪಟ್ಟಿ ಋತುವಿಗೊಂದು. ಟಿಕೆಟ್ ಮಾಡುವ ಮೊದಲು ಆ ವಾರ ಯಾವ ದಿನಗಳಲ್ಲಿ ಹಾರಾಟ ಇದೆ ಎಂದು ನೋಡಿಕೊಳ್ಳಿ, ವಾಪಸು ಹೋಗುವ ದಿನದ್ದನ್ನೂ ಈಗಲೇ ನೋಡಿ.

ಹೊರಬಂದ ಕೂಡಲೇ ಟ್ಯಾಕ್ಸಿಯವನ ಹತ್ತಿರ ಮೊದಲ ತೊಡಕು.

“ಹಂಪಿಗಾ ಸಾರ್?”

“ಇಲ್ಲಪ್ಪ, ಬ್ರಹ್ಮಗಿರಿಗೆ.”

“ಕೊಡಗಿಗಾ? ಅಷ್ಟ್ ದೂರ ಗಾಡಿ ಬರಲ್ಲ ಸಾರ್.”

ಅವನದೇನೂ ತಪ್ಪಿಲ್ಲ. ಈ ನಿಲ್ದಾಣದಲ್ಲಿ ಇಳಿಯುವ ಪ್ರವಾಸಿಗರಲ್ಲಿ ಹೆಚ್ಚಿನವರು ಹಂಪಿಗೇ ಹೋಗುತ್ತಾರೆ, ಬ್ರಹ್ಮಗಿರಿ ಎಂದರೆ ಲೋಕಕ್ಕೆಲ್ಲ ಕೊಡಗಿನದೇ ಬ್ರಹ್ಮಗಿರಿ. ಫೋನಿನ ನಕ್ಷೆಗೂ ಅಷ್ಟೇ ಜ್ಞಾನ. ಹೋಗಲಿ ಎಂದು ಬಂಡೆಯ ಪಕ್ಕದ ಊರು ಸಿದ್ದಾಪುರದ ಹೆಸರು ಹಾಕಿದರೆ ಉತ್ತರ ಕನ್ನಡಕ್ಕೋ ಉಡುಪಿ ಕಡೆಗೋ ಕರೆದೊಯ್ದೀತು. ‘ಅಶೋಕ ಸಿದ್ದಾಪುರ, ಮೊಳಕಾಲ್ಮೂರು ತಾಲ್ಲೂಕು’ ಎಂದು ಪೂರ್ತಿ ಹಾಕಿ. ಟ್ಯಾಕ್ಸಿಯವನಿಗೆ ‘ರಾಂಪುರದ ಹತ್ತಿರ’ ಎನ್ನಿ, ಆಗ ಅರ್ಥವಾಗುತ್ತದೆ. ಬಾಡಿಗೆಯನ್ನು ಹೋಗಿ ಬರುವುದಕ್ಕೆ, ಕಾಯುವುದೂ ಸೇರಿ, ಹತ್ತುವ ಮುಂಚೆಯೇ ಮಾತಾಡಿ ಮುಗಿಸಿ.

ಬಸ್ಸೇ ಸಾಕು ಎನ್ನುವವರು ಬಳ್ಳಾರಿಯಲ್ಲಿ ಚಳ್ಳಕೆರೆ ಕಡೆ ಹೋಗುವ ಬಸ್ ಹತ್ತಬೇಕು. ರಾಂಪುರದಲ್ಲಿ ನಿಲ್ಲಿಸುತ್ತೀರಾ ಎಂದು ಕಂಡಕ್ಟರನ್ನು ಮೊದಲೇ ಕೇಳಿ. ನಿದ್ದೆ ಹೋದರೆ ಇದೇ ತಾಲ್ಲೂಕಿನ ಹಾನಗಲ್ಲಿನಲ್ಲಿ ಇಳಿದು ಮತ್ತೆ ಹಿಂದಕ್ಕೆ ಬರಬೇಕು. ಹೆದ್ದಾರಿ ಬಿಟ್ಟ ಮೇಲಿನ ಕೊನೆಯ ದಾರಿಗೆ ಆಟೊ, ಟಂಟಂ, ಇಲ್ಲವೇ ಆ ಕಡೆ ಹೊರಟ ಯಾರದೋ ಬೈಕು. ಸರ್ಕಾರದ ಯೋಜನೆಗಳೆಲ್ಲ ಸಾವಿರ ಕಿಲೋಮೀಟರ್ ಹಾರಿ ಬರುವವರ ಬಗ್ಗೆ ಯೋಚಿಸಿ ಸುಸ್ತಾಗಿರುವುದರಿಂದ ಈ ಕೊನೆಯ ತುಂಡನ್ನು ಪ್ರಯಾಣಿಕರ ಸ್ವಂತ ಪ್ರತಿಭೆಗೆ ಬಿಡಲಾಗಿದೆ.

ಬಂಡೆಯ ಮೇಲೂ ಅದನ್ನೇ ಕೊರೆದಿದ್ದಾರೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಕಷ್ಟಪಟ್ಟು ಪ್ರಯತ್ನಿಸಿದರೆ ಸ್ವರ್ಗ ಮುಟ್ಟಬಹುದು, ಗಡಿಯಾಚೆಯವರಿಗೂ ಇದು ತಿಳಿಯಲಿ ಎನ್ನುತ್ತದೆ ಶಾಸನ. 2,200 ವರ್ಷಗಳ ಮೇಲೂ ಜಾರಿಯಲ್ಲಿರುವ ಸರ್ಕಾರಿ ಆದೇಶ ಇದೊಂದೇ ಇರಬೇಕು. ಇದು ಸುವರ್ಣಗಿರಿಯ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರಿಂದ (ಹಿರಿಯ ಅಧಿಕಾರಿಗಳಿಂದ) ಇಲ್ಲಿನ ಇಸಿಲದ ಮಹಾಮಾತ್ರರಿಗೆ, ಕ್ಷೇಮ ವಿಚಾರಿಸಿಕೊಂಡೇ ಬಂದ ಆದೇಶ. ಅದರಲ್ಲಿ 256 ಎಂಬ ಅಂಕಿ ಇದೆ, ಪ್ರವಾಸದಲ್ಲಿ ಕಳೆದ ರಾತ್ರಿಗಳು ಎಂದು ವಿದ್ವಾಂಸರು ಓದುತ್ತಾರೆ. ರಾಂಪುರದಲ್ಲಿ ಆಟೊ ಕಾದವರಿಗೆ ಆ ಓದಿನ ಬಗ್ಗೆ ಅನುಮಾನ ಬರುವುದಿಲ್ಲ.

ಬರೆದವನು ಚಪಡ. ಹದಿಮೂರು ಸಾಲು ಬ್ರಾಹ್ಮಿಯಲ್ಲಿ ಕೆತ್ತಿ, ಕೊನೆಗೆ ‘ಲಿಪಿಕಾರ’ ಎಂಬ ತನ್ನ ಹುದ್ದೆಯನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಹಾಕಿದ್ದಾನೆ. ಅದು ವಾಯವ್ಯದ ಗಾಂಧಾರ ಕಡೆಯ ಲಿಪಿ. ಅಲ್ಲಿ ಕಲಿತ ಗುಮಾಸ್ತ ಇಲ್ಲಿಯವರೆಗೆ ಬಂದು, ಕೆಲಸ ಮುಗಿಸಿ, ಸಹಿಯನ್ನೂ ಹಾಕಿ ಹೋಗಿದ್ದಾನೆ. ಅವನ ಪ್ರವಾಸ ಭತ್ಯೆಯ ಬಿಲ್ಲು ಸಿಕ್ಕಿದ್ದರೆ ‘ತಲುಪುವುದು ಹೇಗೆ’ ಭಾಗವನ್ನು ಅದನ್ನು ನೋಡಿಯೇ ಬರೆಯಬಹುದಿತ್ತು.

ಬಂಡೆಗೆ ರಕ್ಷಣೆಯ ಕಟ್ಟಡ ಇದೆ. ಬೀಗ ಕಂಡರೆ ವಾಪಸಾಗಬೇಡಿ, ಊರಲ್ಲಿ ಕಾವಲುಗಾರರು ಯಾರು ಎಂದು ವಿಚಾರಿಸಿ. ಅಕ್ಷರ ಕಾಣಬೇಕಾದರೆ ಬೆಳಗ್ಗೆ ಅಥವಾ ಇಳಿಹೊತ್ತು ಹೋಗಿ, ಓರೆ ಬೆಳಕು ಬೇಕು. ನಡುಮಧ್ಯಾಹ್ನ ಬಂಡೆ ಬರೀ ಬಂಡೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ ಗುಂಡಿಗಳನ್ನು ಹುಡುಕಿ ಹೊತ್ತು ಕಳೆಯಬೇಡಿ. ಅದರ ಬದಲು ಬೃಹತ್ ಶಿಲಾಯುಗದ ಸಮಾಧಿಗಳ ಕಲ್ಲುವೃತ್ತಗಳನ್ನು ನೋಡಿ, ಯಾರೋ ಸುಮ್ಮನೆ ಜೋಡಿಸಿದ ಗುಂಡುಕಲ್ಲು ಎಂದುಕೊಂಡು ದಾಟಿ ಹೋಗಿಬಿಡುವುದೇ ಹೆಚ್ಚು. ಜಟಿಂಗ ರಾಮೇಶ್ವರಕ್ಕೆ ಮೆಟ್ಟಿಲು ಹತ್ತಬೇಕು, ತಲೆಗೊಂದು ಟವೆಲ್ಲು ಇರಲಿ.

ಒಬ್ಬರಿಗೆ ಎರಡು ಲೀಟರ್ ನೀರು ಬಳ್ಳಾರಿಯಲ್ಲೇ ತುಂಬಿಕೊಳ್ಳಿ. ಬಂಡೆಯ ಹತ್ತಿರ ಹೋಟೆಲು ಸಿಗುತ್ತದೆಂದು ನಂಬಿ ಹೋಗಬೇಡಿ, ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಳ್ಳಿ. ಟ್ಯಾಕ್ಸಿಯವನಿಗೂ ಒಂದು ಪೊಟ್ಟಣ ಬೇರೆ ಇರಲಿ. ಹಸಿದು ಅವನು ರಾಂಪುರಕ್ಕೆ ಊಟಕ್ಕೆ ಹೋದರೆ ನಿಮ್ಮ ವಿಮಾನದ ಹೊತ್ತು ಅವನಿಗೆ ನೆನಪಿರುವುದಿಲ್ಲ.