ರೂಮು ಬದಲಿಸಿ ಕೊಡಿ ಅಂತ ಬಾಯಿಬಿಟ್ಟು ಕೇಳಿ

ಹೋದ ಆಗಸ್ಟ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಮಡಿಕೇರಿಗೆ ಹೋಗಿದ್ದೆವು. ಅಮ್ಮನಿಗೆ 72 ವರ್ಷ, ಎರಡೂ ಮಂಡಿ ನೋವು. ಅದಕ್ಕೇ ಆ್ಯಪ್‌ನಲ್ಲಿ ಹೋಟೆಲ್ ಬುಕ್ ಮಾಡುವಾಗ ‘ಗ್ರೌಂಡ್ ಫ್ಲೋರ್ ಕೊಡಿ’ ಎಂದು ಬರೆದಿದ್ದೆ. ಅವರು ಅದನ್ನೇ ಕೊಟ್ಟಿದ್ದರು. ಆದರೆ ಮಡಿಕೇರಿಯಲ್ಲಿ ಎಷ್ಟೋ ಕಟ್ಟಡಗಳು ಇಳಿಜಾರಿನಲ್ಲಿವೆ. ರಿಸೆಪ್ಷನ್ ರಸ್ತೆ ಮಟ್ಟದಲ್ಲಿರುತ್ತದೆ, ಮಹಡಿಗಳು ಅಲ್ಲಿಂದ ಕೆಳಕ್ಕೆ ಇಳಿಯುತ್ತವೆ. ನಮ್ಮ ರೂಮಿಗೆ 28 ಮೆಟ್ಟಿಲು ಇಳಿಯಬೇಕಿತ್ತು.

ಅಮ್ಮ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ ಇಳಿದರು. ರೂಮಿನ ಕಿಟಕಿ ತೆಗೆದರೆ ಕೈಗೆ ಸಿಗುವಷ್ಟು ಹತ್ತಿರ ತಡೆಗೋಡೆ, ಅದರಿಂದ ನೀರು ಜಿನುಗುತ್ತಿತ್ತು. ಹೊದಿಕೆ ಮುಟ್ಟಿದರೆ ತಣ್ಣಗೆ, ಮುಗ್ಗಲು ವಾಸನೆ. ಅಮ್ಮ ಮಂಚದ ಅಂಚಿನಲ್ಲಿ ಕೂತು, “ಚೆನ್ನಾಗೇ ಇದೆ ಬಿಡೋ, ಎರಡು ರಾತ್ರಿ ತಾನೆ? ಅವರ ಹತ್ರ ಯಾಕೆ ಜಗಳ” ಎಂದರು.

ಈ ಮಾತು ನಮ್ಮೆಲ್ಲರ ಮನೆಯಲ್ಲೂ ಇದೆ, ಅಲ್ವಾ? ದುಡ್ಡು ಕೊಟ್ಟು, ರಜೆ ಹಾಕಿ, ವರ್ಷಕ್ಕೊಮ್ಮೆ ಹೊರಡುತ್ತೇವೆ. ಆಮೇಲೆ ಕೊಟ್ಟ ರೂಮಿನಲ್ಲಿ ಸುಮ್ನೆ ಇದ್ದುಬಿಡುತ್ತೇವೆ. ಕೇಳುವುದು ಬೇರೆ, ಜಗಳ ಬೇರೆ. ಅದರಲ್ಲೂ ವಯಸ್ಸಾದವರು ತಾವಾಗಿ ಕೇಳುವುದೇ ಇಲ್ಲ. ಅವರ ಪರವಾಗಿ ನಾವೇ ಕೇಳಬೇಕು.

ನಾನು ಮೇಲೆ ಹೋಗಿ, “ಅಮ್ಮನಿಗೆ ಮೆಟ್ಟಿಲು ಆಗಲ್ಲ, ರಸ್ತೆ ಮಟ್ಟದಲ್ಲಿ ರೂಮಿದ್ದರೆ ಕೊಡಿ. ವ್ಯೂ ಇಲ್ಲದಿದ್ದರೂ ಪರವಾಗಿಲ್ಲ” ಎಂದೆ. ಕೌಂಟರಿನಲ್ಲಿದ್ದ ಹುಡುಗ ಕಂಪ್ಯೂಟರ್ ನೋಡಿ, “ನಿನ್ನೆ ಒಂದು ಫೋನ್ ಮಾಡಿದ್ರೆ ಬೆಳಿಗ್ಗೆನೇ ತೆಗೆದಿಟ್ಟಿರ್ತಿದ್ದೆ ಸಾರ್. ಅರ್ಧ ಗಂಟೆ ಕೂತ್ಕೊಳ್ಳಿ, ಒಂದು ಕ್ಲೀನ್ ಮಾಡಿಸ್ತೀನಿ” ಎಂದ. ಒಂದು ರೂಪಾಯಿಯೂ ಜಾಸ್ತಿ ಕೇಳಲಿಲ್ಲ.

ಅವನು ಹೇಳಿದ್ದರಲ್ಲೇ ಎಲ್ಲ ಇದೆ. ಆ್ಯಪ್‌ನಲ್ಲಿ ನಾವು ಸಾಮಾನ್ಯವಾಗಿ ಕೊಳ್ಳುವುದು ‘ಸ್ಟ್ಯಾಂಡರ್ಡ್’, ‘ಡೀಲಕ್ಸ್’ ಎಂಬ ದರ್ಜೆಯನ್ನು, ರೂಮ್ ನಂಬರನ್ನಲ್ಲ. ಯಾರಿಗೆ ಯಾವ ರೂಮು ಎನ್ನುವುದನ್ನು ಹೆಚ್ಚಿನ ಕಡೆ ಕೌಂಟರಿನವರು ಅವತ್ತೇ ಗೊತ್ತು ಮಾಡುತ್ತಾರೆ. ಒಂದೇ ಬಾಡಿಗೆಯಲ್ಲಿ ಮೂಲೆಯ ದೊಡ್ಡ ರೂಮೂ ಇರುತ್ತದೆ, ಜನರೇಟರ್ ಪಕ್ಕದ್ದೂ ಇರುತ್ತದೆ. ಆದ್ದರಿಂದ ಎಲ್ಲಿ ಬುಕ್ ಮಾಡಿದ್ದರೂ ಹಿಂದಿನ ದಿನ ನೇರವಾಗಿ ಹೋಟೆಲಿಗೇ ಫೋನ್ ಮಾಡಿ. ‘ಒಳ್ಳೆ ರೂಮು ಕೊಡಿ’ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಯಾರು ಬರುತ್ತಿದ್ದಾರೆ, ಏನು ಬೇಕು ಎಂದು ಹೇಳಿ. ರಿಸೆಪ್ಷನ್‌ನಿಂದ ರೂಮಿಗೆ ಎಷ್ಟು ಮೆಟ್ಟಿಲು? ಕಮೋಡ್ ಇದೆಯಾ? ಬಿಸಿನೀರು ಎಷ್ಟು ಗಂಟೆಗೆ? ಎರಡು ರೂಮಾದರೆ ಅಕ್ಕಪಕ್ಕ ಸಿಗುತ್ತದಾ? ರಾತ್ರಿ ಬಸ್ಸಿನಲ್ಲಿ ಬಂದು ಬೆಳಿಗ್ಗೆ ಆರಕ್ಕೇ ಇಳಿಯುವವರಂತೂ ಅದನ್ನು ಹೇಳಲೇಬೇಕು, ಏಕೆಂದರೆ ಬಹಳ ಕಡೆ ಚೆಕ್-ಇನ್ ಮಧ್ಯಾಹ್ನ 12ಕ್ಕೋ 2ಕ್ಕೋ.

ಬ್ಯಾಗು ತರಿಸುವ ಮೊದಲು ಒಬ್ಬರು ಹೋಗಿ ರೂಮು ನೋಡಿ ಬನ್ನಿ. ಬಾತ್‌ರೂಮು ಬಳಸಿ, ಹಾಸಿಗೆ ಮೇಲೆ ಮಲಗಿ, ಆಮೇಲೆ ಬೇಡ ಎಂದರೆ ಅವರಿಗೂ ಕಷ್ಟ.

ಸ್ವಲ್ಪ ದುಡ್ಡು ಸೇರಿಸಿ ದೊಡ್ಡ ರೂಮು ತಗೊಳ್ಳುವುದಾದರೆ ತೆರಿಗೆ ಲೆಕ್ಕ ಹಾಕಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5. ಅದು ದಾಟಿದರೆ ಶೇ 18. 7,200ರ ರೂಮಿಗೆ ತೆರಿಗೆ 360 ರೂಪಾಯಿ, 7,800ರ ರೂಮಿಗೆ 1,404. ಬರೀ 600 ಜಾಸ್ತಿ ಅಂದುಕೊಂಡರೆ ಕೈಯಿಂದ ಹೋಗುವುದು 1,644.

ದಸರಾ, ಡಿಸೆಂಬರ್ ಕೊನೆಯ ವಾರದಲ್ಲಿ ಕೇಳಿದರೂ ಸಿಗದೇ ಇರಬಹುದು, ನಿಜ. ಆದರೆ ಎಂದೂ ಕೂಗಾಡಬೇಡಿ. ಕೌಂಟರಿನಲ್ಲಿರುವವರು ಬೆಳಿಗ್ಗೆಯಿಂದ ನಿಂತೇ ಇರುತ್ತಾರೆ.

ನಮಗೆ ಸಿಕ್ಕಿದ ರೂಮಿಗೆ ವ್ಯೂ ಇರಲಿಲ್ಲ, ಎದುರಿಗೆ ರಸ್ತೆ ಅಷ್ಟೇ. ಅಮ್ಮ ಕುರ್ಚಿ ಎಳೆದುಕೊಂಡು ಮಳೆಯಲ್ಲಿ ಕೊಡೆ ಹಿಡಿದು ಹೋಗುವ ಸ್ಕೂಲ್ ಮಕ್ಕಳನ್ನು ನೋಡುತ್ತಾ ಕೂತರು. ಮರುದಿನ ಬೆಳಿಗ್ಗೆ ಎದ್ದಾಗ ಅವರ ಹಾಸಿಗೆ ಖಾಲಿ. ಗಾಬರಿಯಾಗಿ ಹೊರಗೆ ಓಡಿದೆ. ರಿಸೆಪ್ಷನ್‌ನ ಸೋಫಾದಲ್ಲಿ ಶಾಲು ಹೊದ್ದು, ಕೈಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದರು. “ನಿಂದು ಯಾವೂರಪ್ಪ?” ಎಂದು ಆ ಹುಡುಗನನ್ನು ಕೇಳುತ್ತಿದ್ದರು.