ಹೊಯ್ದವರು, ಕೊಂಡವರು

ಕಬಡ್ಡಿ ಮುಗಿದ ಮರುದಿನ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಏಳುತ್ತದೆ: ‘ಹಾಸನ ವನ್ ಚಿಕ್ಕಮಗಳೂರು’. ಓದಿದರೆ ಅಂಕಣದ ಏಳು, ಹೊರಗೆ ಕೂತ ಐದು, ಒಟ್ಟು 12 ಹುಡುಗರನ್ನು ಬಹುಮಾನವಾಗಿ ಗೆದ್ದು ಮನೆಗೆ ತಂದ ಹಾಗಿದೆ. ಅವರಿಗೆ ಊಟ ಹಾಕುವವರು ಯಾರು?

ಎಡವಿಸಿದ್ದು ನಮ್ಮ ‘ಗೆಲ್ಲು’. ಅದು ಪಂದ್ಯವನ್ನೂ ಗೆಲ್ಲುತ್ತದೆ, ಎದುರಾಳಿಯನ್ನೂ ಗೆಲ್ಲುತ್ತದೆ. ಇಂಗ್ಲಿಷಿನ ‘ವಿನ್’ಗೆ ಕಪ್, ಎಲೆಕ್ಷನ್, ಕೇಸು ಬೇಕು. (ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ, ಆದರೂ ಕ್ರಿಯಾಪದ ವಿನ್ನೇ.) ಎದುರಾಳಿಗೆ ‘ಬೀಟ್’. ಹಳೆಯ ದಾಖಲೆಗೂ ಬೀಟೇ, ಅದೂ ಎದುರು ನಿಂತದ್ದಲ್ಲವೇ. ವಿನ್ ಬಿಡಲು ಮನಸ್ಸಿಲ್ಲದಿದ್ದರೆ ನಡುವೆ ‘ಅಗೇನ್‌ಸ್ಟ್’ ಹಾಕಬೇಕು. ಭೂತಕಾಲಕ್ಕೆ ವಿನ್ ‘ವನ್’ ಆಗುತ್ತದೆ, ಬೀಟ್ ಬೀಟಾಗಿಯೇ ಉಳಿಯುತ್ತದೆ.

ಬೀಟ್ ಎಂದರೆ ಹೊಡೆತ, ಫ್ಲೆಕ್ಸಿಗೆ ಹಾಕಿದರೆ ಗಲಾಟೆಯಾದೀತು ಎಂಬ ಅಳುಕೂ ಇದ್ದೀತು. ಹೊಡೆತಕ್ಕೆ ಅಂಜುವ ಸೀಮೆಯೇ ಇದು? ಮೂಡಿಗೆರೆ ತಾಲ್ಲೂಕಿನ ಅಂಗಡಿ, ಅಂದರೆ ಹಿಂದಿನ ಸೊಸೆವೂರಿನಲ್ಲಿ, ಹುಲಿ ಎರಗಿದಾಗ ಸುದತ್ತ ಮುನಿ ‘ಹೊಯ್, ಸಳ’ ಎಂದನಂತೆ. ಸಳ ಹೊಯ್ದ, ವಂಶಕ್ಕೆ ಹೆಸರಾಯಿತು. ಹಳೆಯ ಶಾಸನಗಳಲ್ಲಿ ಅದು ‘ಪೊಯ್ಸಳ’. ಪೊಯ್ ಎಂದರೂ ಹೊಡೆತವೇ. ಬೇಲೂರಿನ ಬಾಗಿಲ ಪಕ್ಕದ ಕಲ್ಲಿನಲ್ಲಿ ಮಾತ್ರ ಆ ಹುಲಿಗೆ ಸಿಂಹದ ಕೇಸರ. ಕಥೆಗೂ ಕಲ್ಲಿಗೂ ತಾಳೆಯಾಗುವುದಿಲ್ಲ ಎಂದು ಯಾರೂ ಜಗಳಕ್ಕೆ ನಿಲ್ಲುವುದಿಲ್ಲ, ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಹುಲಿ ಚೋಳರ ಲಾಂಛನ, ಕಥೆ ಹುಟ್ಟಿದ್ದೇ ಅವರು ಸೋತ ಮೇಲೆ ಎನ್ನುವವರೂ ಇದ್ದಾರೆ. ಹಾಗಿದ್ದರೆ ಆ ಕಲ್ಲು ಅಂದಿನ ಫ್ಲೆಕ್ಸು! ಈಗ ಈ ಕಡೆ ಹೊಯ್ಯುವುದು ಮಳೆ, ಇಲ್ಲವೇ ಕಾವಲಿಯ ಮೇಲೆ ದೋಸೆ.

ವಿಷ್ಣುವರ್ಧನ 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಕಿತ್ತುಕೊಂಡ. 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆ. ಬಿರುದು ‘ತಲಕಾಡುಗೊಂಡ’. ಕೊಂಡದ್ದು ಊರನ್ನು, ಚೋಳರನ್ನಲ್ಲ. ಇಂಗ್ಲಿಷಿನ ಗಾಳಿಯೂ ಸೋಕದ ಕಾಲದಲ್ಲಿ ಹೊಯ್ದದ್ದು ಬೇರೆ, ಕೊಂಡದ್ದು ಬೇರೆ ಎಂದು ಬಿರುದು ಬರೆದವನಿಗೆ ಗೊತ್ತಿತ್ತು. ಡಿಟಿಪಿ ಅಂಗಡಿಯವನಿಗೆ ಸಂಜೆಯೊಳಗೆ ಪ್ರಿಂಟ್ ಕೊಡಬೇಕಿತ್ತು.

‘ಸೋಲಿಸಿದರು’ ಎಂದು ಐದೇ ಅಕ್ಷರ ಕನ್ನಡದಲ್ಲಿ ಬರೆದಿದ್ದರೆ ತಕರಾರೇ ಇರಲಿಲ್ಲ. ಆದರೆ ಅಷ್ಟು ಜಾಗ ಎಲ್ಲಿತ್ತು? ಉಳಿದದ್ದನ್ನೆಲ್ಲ ಕೈಮುಗಿದು ನಿಂತ ಮುಖಂಡರ ಫೋಟೋಗಳು ಗೆದ್ದುಕೊಂಡಿದ್ದವು.