ಎಂಟು ಅಂಜಲಿ ರಕ್ತದ ಲೆಕ್ಕ

ದೇಹದಲ್ಲಿ ಇರುತ್ತದೆಂದು ಪ್ರಾಚೀನ ಆಯುರ್ವೇದಾಚಾರ್ಯ ಚರಕ ಹೇಳಿದ 'ಎಂಟು ಅಂಜಲಿ (ಬೊಗಸೆ) ರಕ್ತ' ಇಂದಿನ ಐದು ಲೀಟರಿಗೆ ಕರಾರುವಾಕ್ಕಾಗಿ ಹೊಂದುತ್ತದೆ ಎಂದು ನಾನು ಓದಿದ ಲೇಖನವೊಂದರಲ್ಲಿದೆ. ದಯವಿಟ್ಟು ಗುಣಿಸಿ ನೋಡಿ. ಒಂದು ಅಂಜಲಿಗೆ ನಾಲ್ಕು ಪಲ (ಹಳೆಯ ತೂಕದ ಅಳತೆ), ಪಲಕ್ಕೆ 48 ಗ್ರಾಂ, ಅಂದರೆ ಅಂಜಲಿಗೆ 192 ಗ್ರಾಂ. ಎಂಟಕ್ಕೆ ಸುಮಾರು ಒಂದೂವರೆ ಲೀಟರ್. ದ್ರವವಾದರೆ ಇಮ್ಮಡಿ ಹಿಡಿಯಬೇಕೆಂಬ ಔಷಧ ತಯಾರಿಕೆಯ ನಿಯಮವನ್ನು ಇಲ್ಲಿಗೂ ಎಳೆದು ತಂದರೂ ಮೂರು ಲೀಟರ್ ಆದೀತು. ಕೆಜಿಗೆ 70 ಮಿ.ಲೀ.ಯಂತೆ 60 ಕೆಜಿ ತೂಕದವರಲ್ಲಿ ಇರುವ ರಕ್ತ 4.2 ಲೀಟರ್.

ಚರಕ ಹೇಳುವ ಪಿತ್ತದ ಐದು ಅಂಜಲಿ ಮಾತ್ರ 960 ಮಿ.ಲೀ. ಆಗಿ, ಯಕೃತ್ತು ದಿನಕ್ಕೆ ಸ್ರವಿಸುವ ಪಿತ್ತರಸಕ್ಕೆ ಹತ್ತಿರ ಬರುತ್ತದೆ. ಆದರೆ ಅದು ದಿನವಿಡೀ ಸ್ರವಿಸಿದ್ದು. ಪಿತ್ತಕೋಶ ಹಿಡಿಯುವುದು 30ರಿಂದ 50 ಮಿ.ಲೀ. ಅಷ್ಟೆ. ಮೇಲಾಗಿ ಆಯುರ್ವೇದದ ಪಿತ್ತವೆಂದರೆ ಬರೀ ಪಿತ್ತರಸವೂ ಅಲ್ಲ, ಚರ್ಮದಲ್ಲಿರುವ ಭ್ರಾಜಕ, ಕಣ್ಣಿನಲ್ಲಿರುವ ಆಲೋಚಕ ಎಂಬ ಪಿತ್ತದ ಬಗೆಗಳೂ ಅದರ ಲೆಕ್ಕಕ್ಕೇ ಸೇರುತ್ತವೆ. ಮಿದುಳಿಗಂತೂ ಅರ್ಧ ಅಂಜಲಿ! ನಿಜವಾದ ಮಿದುಳು ಸುಮಾರು 1,300 ಗ್ರಾಂ.

ಇದರಿಂದ ಚರಕನಿಗೇನೂ ಅವಮಾನವಿಲ್ಲ. ಅಳತೆ ಅವರವರ ಬೊಗಸೆಯದ್ದೇ ಆಗಬೇಕು, ಅದು ಏರಿಳಿಯುತ್ತದೆ, ಊಹೆಯಿಂದ ತಿಳಿಯುವಂಥದ್ದು ಎಂದು ತನ್ನ ಸಂಹಿತೆಯಲ್ಲಿ ಶರೀರವನ್ನು ವಿವರಿಸುವ ಶಾರೀರಸ್ಥಾನದ ಏಳನೇ ಅಧ್ಯಾಯದಲ್ಲಿ ಅವನೇ ಹೇಳಿದ್ದಾನೆ. ಆಳಿಗೆ ತಕ್ಕ ಬೊಗಸೆ; ಕೆಜಿಗೆ ಇಷ್ಟು ಎನ್ನುವ ಇಂದಿನ ಕ್ರಮಕ್ಕೆ ಈ ವಿಚಾರವೇ ನಿಜವಾಗಿ ಹತ್ತಿರ. ಇನ್ನೊಬ್ಬ ಪ್ರಾಚೀನ ಆಯುರ್ವೇದಾಚಾರ್ಯ ಸುಶ್ರುತ ಇನ್ನೂ ನೇರ: ಶರೀರಗಳು ಒಂದರಂತೆ ಒಂದಿಲ್ಲ, ಸ್ಥಿರವೂ ಅಲ್ಲ, ಹಾಗಾಗಿ ದೋಷ (ಪಿತ್ತದಂಥವು), ಧಾತು (ರಕ್ತದಂಥವು), ಮಲಗಳಿಗೆ ನಿಶ್ಚಿತ ಪ್ರಮಾಣವೇ ಇಲ್ಲ ಎನ್ನುತ್ತಾನೆ. ಲೇಖಕರು ಈ ಮಾತನ್ನು ಬಿಟ್ಟದ್ದು ಬೇಸರ ತಂದಿತು.